ಮೂವತ್ತೊಂದನೇ ನಂಬರಿನ ಹಾಜರಿ

ಸರ್ವೆ ಕೆಲಸದಲ್ಲಿ ಮೂವತ್ತೈದು ವರ್ಷ ಅಳತೆಯ ಚೈನು ಎಳೆದವನು ನಾನು. ಸ್ಮಶಾನ ಅಳೆದಿದ್ದೇನೆ, ಪಾಳುಬಿದ್ದ ಗುಡಿ ಅಳೆದಿದ್ದೇನೆ. ಅಲ್ಲಿ ಕಾಲಿಡಬೇಡಿ ಸಾರ್, ಗಾಳಿ ಐತೆ ಅಂತ ಹಳ್ಳಿಯವರು ಕೈಹಿಡಿದು ಎಳೆದ ಹುಣಸೆಮರದ ಬುಡದಲ್ಲೇ ಕೂತು ಮೊಸರನ್ನ ತಿಂದಿದ್ದೇನೆ. ಒಂದು ದೆವ್ವವೂ ನನ್ನ ತಂಟೆಗೆ ಬರಲಿಲ್ಲ. ಯಾರಾದರೂ ಅಂಥ ಕತೆ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ, ಇಲ್ಲವೇ ಅವರನ್ನೇ ಎಬ್ಬಿಸಿ ಕಳಿಸುತ್ತಿದ್ದೆ. ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಇದು ನಡೆದು ಎರಡು ವರ್ಷವಾಯಿತು, ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಇದರ ಅಳತೆ ಮಾತ್ರ ನನ್ನ ಕೈಲಿ ಆಗಿಲ್ಲ.

ನಮ್ಮದು ಮುಳಬಾಗಿಲಿನ ಹೈಸ್ಕೂಲು. ಎಸ್ಸೆಸ್ಸೆಲ್ಸಿ ಮುಗಿಸಿ ಚೆದುರಿಹೋದವರು ರಿಟೈರಾದ ಮೇಲೆ ಮೊಬೈಲಿನ ಒಂದು ಗ್ರೂಪಿನಲ್ಲಿ ಮತ್ತೆ ಸಿಕ್ಕೆವು. ಹುಡುಕಿ ಹುಡುಕಿ ಸೇರಿಸಿದವಳು ಸರೋಜ. ಅವಳು ಆಗ ಕ್ಲಾಸಿನ ಮಾನಿಟರು, ಆಮೇಲೆ ನರ್ಸಾಗಿ ದುಡಿದು ಈಗ ಮಾಲೂರಿನಲ್ಲಿದ್ದಾಳೆ. ಪ್ರತಿ ಭಾನುವಾರ ಸಂಜೆ ಐದಕ್ಕೆ ಎಲ್ಲರಿಗೂ ಒಟ್ಟಿಗೆ ಕಾಲ್ ಹಾಕುತ್ತಾಳೆ. ಮೊದಲು ಹಾಜರಿ, ಅದೂ ಹತ್ತನೇ ಕ್ಲಾಸಿನ ಹಳೇ ನಂಬರಿನ ಪ್ರಕಾರ. ಆಮೇಲೆ ವಾರದ ಸುದ್ದಿ. ಒಬ್ಬ ಕಾಶಿಗೆ ಹೋಗಿ ನೆಗಡಿ ಹಿಡಿಸಿಕೊಂಡು ಬಂದಿರುತ್ತಾನೆ, ಒಬ್ಬಳು ರಾಮೇಶ್ವರದಲ್ಲಿ ಹೊಸ ಚಪ್ಪಲಿ ಕಳೆದುಕೊಂಡಿರುತ್ತಾಳೆ. ಮುಳಬಾಗಿಲಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವ ಬಾಷಾ ಮಾವಿನ ಸಸಿ ತರೋಣ ಅಂತ ಶ್ರೀನಿವಾಸಪುರದ ಬಸ್ಸು ಹತ್ತಿ, ನಿದ್ದೆ ಹೋಗಿ, ಗಡಿ ದಾಟಿ ಆಂಧ್ರದ ಮದನಪಲ್ಲಿಯಲ್ಲಿ ಕಣ್ಣುಬಿಟ್ಟ. ಅದನ್ನು ಅವನು ಅರ್ಧ ಗಂಟೆ ಹೇಳಿದ. ಕಾಶಿಯ ಸುದ್ದಿಗೂ ಯಾರೂ ಅಷ್ಟು ನಕ್ಕಿರಲಿಲ್ಲ.

ಹಾಜರಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಬಹಳ ಮಂದಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆಂಧ್ರದ ಗಡಿಯ ಹಳ್ಳಿಗಳಿಂದ ಬರುತ್ತಿದ್ದ ನಾವು, ಮೇಷ್ಟ್ರು ನಂಬರು ಕರೆದಾಗ ‘ಹಾಜರ್’ ಅನ್ನುವ ಬದಲು ‘ಉನ್ನಾನು ಸಾರ್’ ಅಂದುಬಿಡುತ್ತಿದ್ದೆವು. ಇದ್ದೇನೆ ಅಂತ ಅರ್ಥ. ನನ್ನ ನಂಬರು ಮೂವತ್ತೊಂದು, ಮೂವತ್ತೆರಡು ಮುನಿವೆಂಕಟ. ಒಂದೇ ಬೆಂಚು, ನನ್ನ ಎಡಗಡೆ ಅವನು. ಒಂದು ದಿನ ನಾನು ಕ್ಲಾಸಿಗೆ ಚಕ್ಕರ್ ಹೊಡೆದು, ನನ್ನ ಹಾಜರಿ ನೀನೇ ಹೇಳು ಅಂತ ಅವನಿಗೆ ಒಪ್ಪಿಸಿ ಹೋದೆ. ಮೇಷ್ಟ್ರು ಮೂವತ್ತೊಂದು ಅಂದಾಗ ಈ ಪುಣ್ಯಾತ್ಮ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ‘ಉನ್ನಾಡು ಸಾರ್’ ಅಂದ. ಇದ್ದಾನೆ ಅಂತ! ಮೈಸೂರು ಕಡೆಯ ಮೇಷ್ಟ್ರಿಗೆ ತೆಲುಗು ಬಾರದು, ಉನ್ನಾನೋ ಉನ್ನಾಡೋ ಅವರಿಗೆ ಎರಡೂ ಒಂದೇ. ಆದರೆ ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಯಾಕೆ ನಗ್ತೀರಿ ಅಂತ ಅವರು ಕೇಳಿದಾಗ ಬಿಡಿಸಿ ಹೇಳಿದವಳು ಇದೇ ಸರೋಜ.

ಮಾರನೇ ದಿನ ಇಬ್ಬರಿಗೂ ಏಟು ಬಿತ್ತು. ಎಂಥ ಪೆದ್ದನೋ ನೀನು, ಉನ್ನಾನು ಅನ್ನೋಕೆ ಏನು ಕಷ್ಟ ಅಂತ ನಾನು ರೇಗಿದೆ. ಅವನು ಅಂಗೈ ಉಜ್ಜಿಕೊಳ್ಳುತ್ತಾ ಹೇಳಿದ.

“ನಾನು ನೀನಲ್ವಲ್ಲೋ. ಉನ್ನಾನು ಅಂದ್ರೆ ಸುಳ್ಳಾಗ್ತದೆ. ನೀನು ಎಲ್ಲೋ ಒಂದ್ಕಡೆ ಇದ್ದೇ ಇರ್ತೀಯ, ಅದಕ್ಕೇ ಉನ್ನಾಡು ಅಂದೆ.”

ಅವತ್ತಿನಿಂದ ಅವನ ಹೆಸರೇ ಉನ್ನಾಡು ಅಂತಾಯಿತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಗ್ರೂಪಿನಲ್ಲೂ ಹಾಗೇ ಕರೆಯುತ್ತಿದ್ದೆವು.

ನನ್ನ ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಕೋಲಾರದಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ, ಕೆಳಗೆ ಮನೆ ಯಜಮಾನಿ ಪದ್ಮಾವತಮ್ಮ. ಒಬ್ಬನಿಗೇ ಅಡುಗೆ ಮಾಡಿಕೊಳ್ಳುವುದು ಎಂಥ ಬೇಜಾರಿನ ಕೆಲಸ ಅಂತ ಮಾಡಿದವರಿಗೇ ಗೊತ್ತು. ಒಂದು ಹಿಡಿ ಅಕ್ಕಿ ಇಟ್ಟರೂ ಮಿಗುತ್ತದೆ. ಗ್ರೂಪಿನವರು ಗಂಡ ಹೆಂಡತಿ ನಿಂತು ತೆಗೆಸಿಕೊಂಡ ಫೋಟೊ ನೋಡಿದರೆ ಸಂಕಟವಾಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಕಾಲ್‌ಗೆ ಸೇರುವುದನ್ನು ಬಿಟ್ಟೆ. ಗ್ರೂಪಿನ ಸದ್ದನ್ನೂ ಬಂದ್ ಮಾಡಿದೆ. ಯಾರು ಫೋನ್ ಮಾಡಿದರೂ ಎತ್ತುತ್ತಿರಲಿಲ್ಲ.

ಫೋನ್ ಎತ್ತದಿದ್ದರೆ ಉಳಿದವರು ಸುಮ್ಮನಾದರು. ಮುನಿ ಮಾತ್ರ ಬಂದ. ಬಸ್ ಡ್ರೈವರಾಗಿ ರಿಟೈರಾಗಿ ಊರಿನಲ್ಲಿ ಟೊಮೆಟೊ, ಹಿಪ್ಪುನೇರಳೆ ಅಂತ ಒದ್ದಾಡುತ್ತಿದ್ದವನು ಮೂರು ಸಲ ಟೊಮೆಟೊ ಚೀಲ ಹೊತ್ತು ನನ್ನ ಮಹಡಿ ಹತ್ತಿದ. ಮೂರನೇ ಸಲ ಒಂದೇ ಹಟ, ಮುಳಬಾಗಿಲಿನ ಹತ್ತಿರದ ಆವನಿ ಬೆಟ್ಟಕ್ಕೆ ಬಾ ಅಂತ. ಹತ್ತನೇ ಕ್ಲಾಸಿನಲ್ಲಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ನಾನು ತಲೆಸುತ್ತಿ ಅರ್ಧದಲ್ಲೇ ಕೂತುಬಿಟ್ಟಿದ್ದೆ. ಈಗ ಮೇಲಿನ ತನಕ ಹತ್ತಿ ಫೋಟೊ ತೆಗೆಸಿಕೊಂಡು ಗ್ರೂಪಿಗೆ ಹಾಕೋಣ, ಕಾಶಿಯವರ ಬಾಯಿ ಮುಚ್ಚಿಸೋಣ ಅಂದ.

ಅವನಿಗೆ ಗೊತ್ತಿರಲಿಲ್ಲ. ಮಕ್ಕಳಾಗದವರು ಆ ಬೆಟ್ಟದ ಮೇಲಿನ ಸೀತಮ್ಮನಿಗೆ ಹರಕೆ ಹೊರುತ್ತಾರೆ. ಮದುವೆಯಾದ ಐದಾರು ವರ್ಷಕ್ಕೆ ನನ್ನ ಹೆಂಡತಿ ಒಂದು ಸಲ ಹೋಗಿಬರೋಣ ಅಂತ ಕೇಳಿದ್ದಳು. ಕಲ್ಲು ಗುಂಡು ಹತ್ತಿದರೆ ಮಕ್ಕಳಾಗುವುದಾದರೆ ಸರ್ವೆಯವರಿಗೆಲ್ಲ ಡಜನ್ ಮಕ್ಕಳಿರಬೇಕಿತ್ತು ಅಂತ ನಾನು ಗೇಲಿ ಮಾಡಿದ್ದೆ. ಅವಳು ಮತ್ತೆ ಕೇಳಲಿಲ್ಲ. ಅವಳು ಕೇಳಿದಾಗ ಹತ್ತದ ಬೆಟ್ಟವನ್ನು ಇವನ ಫೋಟೊಗೋಸ್ಕರ ಹತ್ತಬೇಕೇ? ಇದನ್ನು ಬಾಯಿಬಿಟ್ಟು ಹೇಳದೆ ಸುಮ್ಮನೆ ಅವನ ಮೇಲೆ ಹಾರಾಡಿದೆ.

“ನನ್ನನ್ನ ಆಬ್ಸೆಂಟ್ ಅಂತ ಬರ್ಕೊಳ್ರೋ. ನಾನು ಇಲ್ಲ ಅಂತ ತಿಳ್ಕೊಳ್ಳಿ. ಇನ್ಮೇಲೆ ಬರ್ಬೇಡ” ಅಂದೆ.

ಅವನು ಟೊಮೆಟೊ ಚೀಲವನ್ನು ಬಾಗಿಲ ಪಕ್ಕ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಬರ್ತೀನಿ ಕಣೋ ಅಂತ ಇಳಿದುಹೋದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಏಳು ತಿಂಗಳಾಗಿರಬೇಕು. ಒಂದು ಸೋಮವಾರ ಬೆಳಿಗ್ಗೆ ಪದ್ಮಾವತಮ್ಮ ಮಹಡಿ ಹತ್ತಿ ಬಂದು, ನಿಮ್ಮ ಫ್ರೆಂಡು ನಿನ್ನೆ ಫೋನ್ ಮಾಡಲಿಲ್ಲ, ಆರಾಮಾಗಿದ್ದಾರಾ ಅಂತ ಕೇಳಿದರು. ಯಾವ ಫ್ರೆಂಡು ಅಂದೆ. ಅದೇ ಟೊಮೆಟೊ ತರೋರು ಅಂದರು. ಕೊನೇ ಸಲ ಬಂದಾಗ ಅವರ ನಂಬರು ಇಸ್ಕೊಂಡು ಹೋಗಿದ್ದನಂತೆ. ಪ್ರತಿ ಭಾನುವಾರ ನಾಲ್ಕೂವರೆಗೆ ಫೋನ್ ಮಾಡಿ, ಮೇಲೆ ಓಡಾಡೋ ಸದ್ದು ಕೇಳ್ತಾ ಇದೆಯಾ, ಬಟ್ಟೆ ಒಣಗಾಕಿದಾನಾ, ಹಾಲು ತಗೊಂಡನಾ ಅಂತ ವಿಚಾರಿಸುತ್ತಿದ್ದನಂತೆ. ನನಗೆ ಹೇಳಬೇಡಿ ಅಂತಲೂ ಹೇಳಿದ್ದನಂತೆ.

ಒಳಗೆ ಹೋಗಿ ಫೋನ್ ಹುಡುಕಿ ತೆಗೆದೆ. ತಿಂಗಳುಗಟ್ಟಲೆ ತೆರೆಯದ ಗ್ರೂಪನ್ನು ತೆರೆದೆ. ಪರದೆ ತುಂಬ ಕೈಮುಗಿದ ಚಿತ್ರಗಳು, ಹೂವಿನ ಹಾರ ಹಾಕಿದ ಮುನಿಯ ಫೋಟೊ. ಗುರುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಮಣ್ಣೂ ಆಗಿಹೋಗಿತ್ತು. ಸರೋಜ ನನಗೆ ಎಂಟು ಸಲ ಫೋನ್ ಮಾಡಿದ್ದಳು.

ಅವಳಿಗೆ ಫೋನ್ ಮಾಡಿದೆ. ಬೈದಳು, ಬೈಯುತ್ತಲೇ ಅತ್ತಳು. ಆಗ ಗೊತ್ತಾಯಿತು. ನಾನು ಅವನನ್ನು ಬೈದು ಕಳಿಸಿದ ಮೇಲೆ ಪ್ರತಿ ಭಾನುವಾರವೂ ಅವಳು ಮೂವತ್ತೊಂದು ಅಂತ ಕರೆದಾಗ, ಪದ್ಮಾವತಮ್ಮನನ್ನು ವಿಚಾರಿಸಿಕೊಂಡು ಕೂತಿದ್ದ ಮುನಿ ಗಂಟಲು ಸರಿಮಾಡಿಕೊಂಡು ‘ಉನ್ನಾಡು ಸಾರ್’ ಅನ್ನುತ್ತಿದ್ದ. ಏಳು ತಿಂಗಳು ಒಂದು ವಾರವೂ ತಪ್ಪಿಸಿರಲಿಲ್ಲ. ನಾನು ಬದುಕಿದ್ದೇನೆ ಅನ್ನುವುದಕ್ಕೆ ಈ ಲೋಕದಲ್ಲಿ ಲೆಕ್ಕ ಇಟ್ಟಿದ್ದವನು ಅವನೊಬ್ಬನೇ, ಅವನನ್ನು ಮನೆಯಿಂದ ಓಡಿಸಿದ್ದೆ.

ತಿಥಿಗೆ ಅವನ ಊರಿಗೆ ಹೋದೆ. ಅವನ ಹೆಂಡತಿ ಕಾಫಿ ಕೊಟ್ಟರು. ಅದರ ಮುಂದಿನ ಭಾನುವಾರ ಪದ್ಮಾವತಮ್ಮನಿಗೆ ಆವನಿಗೆ ಹೋಗಿಬರ್ತೀನಿ ಅಂತ ಹೇಳಿ ಬಸ್ಸು ಹತ್ತಿದೆ. ಬೇರೆ ಯಾರಿಗೂ ಹೇಳಲಿಲ್ಲ. ಅಲ್ಲಲ್ಲಿ ಕೂತು, ಸುಧಾರಿಸಿಕೊಂಡು, ಮೂರು ಗಂಟೆಯ ಹೊತ್ತಿಗೆ ಸೀತಮ್ಮನ ಗುಡಿ ಮುಟ್ಟಿದೆ. ಒಂದೆರಡು ಸಂಸಾರ ಇದ್ದವು, ಅವರೂ ಇಳಿದುಹೋದರು. ಕೈಮುಗಿಯಲು ನನಗೆ ನಾಚಿಕೆ. ಕೇಳಿದಾಗ ಬರಬೇಕಿತ್ತು ಅಂತ ಮಾತ್ರ ಮನಸ್ಸಿನಲ್ಲಿ ಇಬ್ಬರಿಗೂ ಹೇಳಿಕೊಂಡೆ, ಅವಳಿಗೂ ಅವನಿಗೂ.

ಇಳಿಯುವಾಗ ನನ್ನ ಸರ್ವೆ ಬುದ್ಧಿ ಕೈಕೊಟ್ಟಿತು. ಮೆಟ್ಟಿಲು ಬಿಟ್ಟು ಬಂಡೆಗಳ ಮಧ್ಯೆ ಹತ್ತಿರದ ದಾರಿ ಇದೆ ಅಂತ ಅಂದಾಜು ಹಾಕಿ ಆ ಕಡೆ ಇಳಿದೆ. ಒಂದು ಕಡೆ ಕಾಲು ಜಾರಿತು. ಎರಡು ಬಂಡೆಯ ಸಂದಿಗೆ ಬಿದ್ದು ಬಲಗಾಲು ಪಾದದ ಹತ್ತಿರ ತಿರುಚಿಕೊಂಡು ಸಿಕ್ಕಿಹಾಕಿಕೊಂಡಿತು. ಜೇಬಿನ ಫೋನು ಹಾರಿ ಸಂದಿಯ ಒಳಗೆ ಹೋಯಿತು, ಎರಡು ಸಲ ಟಣ್ ಅಂದದ್ದು ಕೇಳಿಸಿತು. ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ದೂರದಲ್ಲೆಲ್ಲೋ ಮೇಕೆ ಅರಚಿತು, ಅಷ್ಟೇ.

ಕಾಲಿನ ನೋವಿಗಿಂತ ನನ್ನನ್ನು ಹಿಂಡಿದ್ದು ಬೇರೆ. ನಾಳೆ ನಾನು ಮನೆಗೆ ಹೋಗದಿದ್ದರೆ ಯಾರೋ ನೆಂಟರ ಮನೆಯಲ್ಲಿ ಉಳಿದಿದ್ದಾರೆ ಅಂತ ಪದ್ಮಾವತಮ್ಮ ಅಂದುಕೊಳ್ಳುತ್ತಾರೆ. ಗ್ರೂಪಿನವರಿಗೆ ನಾನು ಉತ್ತರ ಕೊಡದಿರುವುದೇ ಅಭ್ಯಾಸ. ಕೇಳುತ್ತಿದ್ದವನೊಬ್ಬ, ಅವನೂ ಹೋದ. ಇಲ್ಲ ಅಂತ ತಿಳ್ಕೊಳ್ಳಿ ಅಂತ ನಾನೇ ಹೇಳಿದ್ದೆನಲ್ಲ, ಅದೇ ಆಯಿತು.

ನೀರಿನ ಬಾಟಲಿಯೂ ಕೈಗೆ ಸಿಗಲಿಲ್ಲ. ಬಂಡೆಯ ಕಾವಿಗೆ ಒರಗಿ ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾಯಿತೋ. ಸರೋಜಳ ದನಿ ಕೇಳಿಸಿತು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಅಂತ ಕರೆಯುತ್ತಿದ್ದಾಳೆ. ಅದು ಸಂದಿಯೊಳಗಿಂದ ಬಂತೋ, ನನ್ನ ಕಿವಿಯೊಳಗೇ ಇತ್ತೋ ಹೇಳಲಾರೆ. ಮೂವತ್ತೊಂದು ಅಂದಳು. ಬಾಯಿ ತೆರೆಯಲು ಹೋದೆ, ನಾಲಿಗೆ ಅಂಟಿಕೊಂಡಿತ್ತು. ದನಿ ಹೊರಡಲಿಲ್ಲ. ಆಗ ನನ್ನ ಎಡಗಡೆ, ಒಂದು ಮೊಳ ದೂರದಲ್ಲಿ, ಯಾರೋ ಗಂಟಲು ಸರಿಮಾಡಿಕೊಂಡರು.

“ಉನ್ನಾಡು ಸಾರ್.”

ಕಣ್ಣು ಬಿಟ್ಟೆ. ಎಡಗಡೆ ಬಂಡೆ ಇತ್ತು. ಬಂಡೆಯ ಮೇಲೆ ಸಂಜೆಯ ಬಿಸಿಲಿತ್ತು. ಗಡಿಯಾರ ನೋಡಿಕೊಂಡೆ, ಐದು ಗಂಟೆ ಹತ್ತು ನಿಮಿಷ. ಹೆದರಿಕೆ ಆಯಿತೇ ಅಂತ ಕೇಳಿದರೆ, ಇಲ್ಲ. ಅಳು ಬಂತು. ಹೆಂಡತಿ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಟಾರ್ಚಿನ ಬೆಳಕು ಕಾಣಿಸಿತು. “ಲೇ ಮೂವತ್ತೊಂದು, ಎಲ್ಲಿದ್ದೀಯ್ಲಾ?” ಅಂತ ಬಾಷಾ ಕೂಗುತ್ತಿದ್ದ. ಹೇಗೋ ದನಿ ಹೊರಟು ‘ಉನ್ನಾನು’ ಅಂದೆ. ಅವನೂ ಆವನಿಯ ಇಬ್ಬರೂ ಸೇರಿ ನನ್ನನ್ನು ಎಳೆದು, ಹೊತ್ತು ಇಳಿಸಿದರು.

ಮಾರನೇ ದಿನ ಆಸ್ಪತ್ರೆಗೆ ಸರೋಜ ಬಂದಳು. ನಾನು ಬೆಟ್ಟದ ಮೇಲೆ ಕೇಳಿಸಿಕೊಂಡದ್ದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಅವಳೇ ಹೇಳಿದಳು. ಹಿಂದಿನ ದಿನ ಹಾಜರಿ ಕರೆಯುವಾಗ, ಉತ್ತರ ಕೊಡಲು ಮುನಿ ಇಲ್ಲ ಅನ್ನುವುದನ್ನು ಮರೆತು ಅಭ್ಯಾಸದ ಮೇಲೆ ಮೂವತ್ತೊಂದು ಅಂದುಬಿಟ್ಟಳಂತೆ. ಯಾರೋ ಗಂಟಲು ಸರಿಮಾಡಿಕೊಂಡು ‘ಉನ್ನಾಡು ಸಾರ್’ ಅಂದರಂತೆ. ಸತ್ತವನ ದನಿ ಅಣಕಿಸೋರು ಯಾರ್ರೋ ಅಂತ ಅವಳು ರೇಗಿದಳು. ನಾಲ್ಕೈದು ಜನ ತಮಗೂ ಕೇಳಿಸಿತು ಅಂದರು, ಉಳಿದವರು ಬರೀ ಗೊರಗೊರ ಸದ್ದು ಅಂದರು. ನನಗೆ ಫೋನ್ ಮಾಡಿದಳು, ಹತ್ತಲಿಲ್ಲ. ಇರಲಿ ಅಂತ ಮುನಿ ಯಾವತ್ತೋ ಕೊಟ್ಟಿದ್ದ ಪದ್ಮಾವತಮ್ಮನ ನಂಬರಿಗೆ ಮಾಡಿದಳು. ಬೆಳಿಗ್ಗೆ ಆವನಿಗೆ ಹೋದವರು ಬಂದಿಲ್ಲ ಅಂತ ತಿಳಿಯಿತು. ಬಾಷಾನನ್ನು ಓಡಿಸಿದಳು.

ಬಾಷಾ ಇದಕ್ಕೆ ಒಂದು ಕಾರಣ ಹುಡುಕಿದ್ದಾನೆ. ಫೋನು ಬಿದ್ದ ಏಟಿಗೆ ಏನೋ ಒತ್ತಿಕೊಂಡು ಕಾಲ್ ತಾನಾಗಿ ಸೇರಿಕೊಂಡಿದೆ, ಸರೋಜಳ ದನಿ ಸಂದಿಯೊಳಗಿಂದ ನಿಜವಾಗಿಯೇ ಬಂದಿದೆ, ಎಚ್ಚರ ತಪ್ಪಿದ್ದ ನಾನೇ ಉತ್ತರ ಕೊಟ್ಟಿದ್ದೇನೆ ಅಂತ. ಫೋನನ್ನು ಆಮೇಲೆ ಕೋಲು ಹಾಕಿ ತೆಗೆಸಿದ, ಅದು ಪುಡಿಯಾಗಿತ್ತು. ಕಾಲ್‌ನಲ್ಲಿ ನನ್ನ ಹೆಸರಿತ್ತೇ ಅಂದರೆ ಸರೋಜ ಕನ್ನಡಕ ಹಾಕಿಕೊಂಡಿರಲಿಲ್ಲ, ಉಳಿದವರು ಗಮನಿಸಿರಲಿಲ್ಲ. ಬಾಷಾ ಹೇಳುವುದೇ ಸರಿ ಅಂತ ನನಗೂ ಅನ್ನಿಸುತ್ತದೆ, ನನಗೂ ಅದೇ ಬೇಕು.

ಆದರೆ ಒಂದು ಮಾತು ಅಡ್ಡ ಬರುತ್ತದೆ. ನಾನೇ ಹೇಳಿದ್ದರೆ ಉನ್ನಾನು ಅಂತಿದ್ದೆ. ತನ್ನನ್ನು ತಾನೇ ಯಾರಾದರೂ ‘ಇದ್ದಾನೆ’ ಅನ್ನುತ್ತಾರೆಯೇ? ತೊಟ್ಟಿಲಿನಿಂದ ಆಡಿದ ಮಾತು, ಜ್ವರ ಬಂದರೂ ನಾಲಿಗೆ ಅಲ್ಲಿ ತಪ್ಪುವುದಿಲ್ಲ. ಇದನ್ನು ಬಾಷಾನ ಮುಂದೆ ಇಟ್ಟೆ. ಅಷ್ಟು ಮಾತ್ರ ನನ್ನ ಕೈಲಿ ರಿಪೇರಿ ಆಗಲ್ಲ ಕಣೋ ಅಂದ.

ಈಗ ನಾನು ಸ್ವಲ್ಪ ಕುಂಟುತ್ತೇನೆ. ಭಾನುವಾರ ಐದು ಗಂಟೆಗೆ ತಪ್ಪದೆ ಫೋನ್ ಹಿಡಿದು ಕೂರುತ್ತೇನೆ. ಹೇಳಿಕೊಳ್ಳಲು ಅಂಥ ಸುದ್ದಿಯೇನೂ ಇರುವುದಿಲ್ಲ, ಹೋಳೂರಿನ ತನಕ ಬಸ್ಸಿನಲ್ಲಿ ಹೋಗಿ ಸೊಪ್ಪು ತಂದೆ ಅನ್ನುತ್ತೇನೆ, ಅದಕ್ಕೂ ನಾಲ್ಕು ಪ್ರಶ್ನೆ ಕೇಳುತ್ತಾರೆ. ಮನೆ ಮಾತ್ರ ಹಾಗೇ ಇದೆ, ಕಾಲ್ ಮುಗಿದ ಮೇಲೆ ಇನ್ನೂ ಖಾಲಿ ಅನ್ನಿಸುತ್ತದೆ.

ಸರೋಜ ಮೂವತ್ತೆರಡನ್ನು ಪಟ್ಟಿಯಿಂದ ತೆಗೆಯುತ್ತೇನೆ ಅಂದಿದ್ದಳು. ಬೇಡ ಅಂದೆ. ನನ್ನ ನಂಬರಿಗೆ ಉನ್ನಾನು ಅನ್ನುತ್ತೇನೆ. ಆಮೇಲೆ ಅವಳು ಮೂವತ್ತೆರಡು ಅಂತ ಕರೆಯುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು ‘ಉನ್ನಾಡು’ ಅನ್ನುತ್ತೇನೆ. ಅದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲಿಯವರೆಗೆ ಯಾರೂ ನಕ್ಕಿಲ್ಲ.