ಹತ್ತು ಹೆಜ್ಜೆ ನಡೆಯದ ರಾಜಕುಮಾರಿ

ಹಳೇ ಪುಸ್ತಕದ ವಾಸನೆಗೂ ಆಗಷ್ಟೇ ಬೀಸಿ ತಂದ ಜೋಳದ ಹಿಟ್ಟಿನ ವಾಸನೆಗೂ ನನ್ನ ಮೂಗಿನಲ್ಲಿ ಒಂದೇ ಜಾಗ. ಹೋದ ವಾರ ಹುಬ್ಬಳ್ಳಿಯಲ್ಲಿ, ರಸ್ತೆಬದಿ ಹಳೇ ಪುಸ್ತಕ ಹರವಿಕೊಂಡು ಕುಳಿತವನ ಮುಂದೆ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ನೋಡಿದರೆ, ಆರನೇ ಇಯತ್ತೆಯಲ್ಲಿ ಮೊದಲ ಭಾಗವಷ್ಟೇ ಓದಿದ್ದ ಮಾಯಾಲೋಕದ ಕಾದಂಬರಿಯ ಎರಡನೇ ಭಾಗ! ನಲವತ್ತು ವರ್ಷ ತಡವಾಗಿ ಸಿಕ್ಕಿತ್ತು. ಎದೆ ಡವಡವ ಅನ್ನುತ್ತಿದ್ದರೂ ಮುಖ ಸಪ್ಪಗಿಟ್ಟುಕೊಂಡು, "ರಟ್ಟು ಹರದೈತಲ್ಲೋ" ಎಂದೆ. ಅರ್ಧ ದರಕ್ಕೆ ಬಂತು. ನೀವೂ ಕಲಿತುಕೊಳ್ಳಿರಿ: ಬೇಕಾದ ವಸ್ತುವನ್ನು ಎರಡು ಸಲ ನೋಡಬಾರದು.

ಮೊದಲ ಭಾಗ ಓದಿದ್ದು ತಿರ್ಲಾಪುರದ ನಮ್ಮ ಮನೆಯಲ್ಲಿ, ಒಲೆಯ ಬಾಜೂ ಕುಳಿತು. ಅವ್ವ ರೊಟ್ಟಿ ಬಡಿಯುವವಳು, ನಾನು ಗಟ್ಟಿಯಾಗಿ ಓದುವವಳು. ಅವ್ವನಿಗೆ ಅಕ್ಷರ ಬಾರದು. ಕಥೆಯಲ್ಲಿ ತೂತು ಎಲ್ಲಿದೆ ಎಂಬುದು ಮಾತ್ರ ಥಟ್ಟನೆ ತಿಳಿಯುತ್ತಿತ್ತು. ತಾಯಿಯಿಲ್ಲದ ರಾಜಕುಮಾರಿಯೊಬ್ಬಳು ಕಪ್ಪು ಹೊಳೆ ದಾಟಬೇಕು. ದೋಣಿ ನಡೆಸುವ ರಾಕ್ಷಸ, "ನಿನ್ನ ದನಿಯನ್ನು ಕೊಡು, ದಾಟಿಸುತ್ತೇನೆ" ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿದೇಹೋಯಿತು.

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ಕೊಟ್ಲೇನ ಲೇ?"

"ಮುಂದಿನ ಪುಸ್ತಕದಾಗ ಐತಿ ಬೇ ಯವ್ವಾ."

"ಕೊಡಬಾರದು. ಹತ್ತ ಹೆಜ್ಜಿ ನಡದ ಬಿಡಬೇಕು. ಗಿರಾಕಿ ಹೊಂಟ್ರ ದೋಣಿಯಾಂವ ತಾನ ಕರೀತಾನ."

ಎರಡನೇ ಭಾಗ ಸಿಗಲಿಲ್ಲ. ಆ ಮಾತು ಸಿಕ್ಕಿತು. ಇವತ್ತು ನವಲಗುಂದದಲ್ಲಿ ನನ್ನದೇ ಖಡಕ್ ರೊಟ್ಟಿಯ ಅಂಗಡಿ ಇದೆ, ಒಳಗೆ ಎಂಟು ಮಂದಿ ಹೆಣ್ಣುಮಕ್ಕಳು ಬಡಿಯುತ್ತಾರೆ. ಜೋಳದ ವ್ಯಾಪಾರಿಗಳ ಮುಂದಿನಿಂದ ನಾನು ನಡೆದ ಹೆಜ್ಜೆಗಳನ್ನೆಲ್ಲ ಜೋಡಿಸಿದರೆ ಅಣ್ಣಿಗೇರಿ ಮುಟ್ಟೀತು. ಒಮ್ಮೆ ಮಾತ್ರ ಯಾರೂ ಕರೆಯಲಿಲ್ಲ. ಛತ್ರಿ ಮರೆತವಳ ಹಾಗೆ ನಾನೇ ತಿರುಗಿ ಹೋದೆ. ಛತ್ರಿ ಕೈಯಲ್ಲೇ ಇತ್ತು.

ಅವ್ವ ಈಗ ಅಂಗಡಿಯ ಬಾಗಿಲಲ್ಲಿ ಕುಳಿತು ರೊಟ್ಟಿ ಮುರಿದು ಪರೀಕ್ಷೆ ಮಾಡುತ್ತಾಳೆ. ವರ್ಷಕ್ಕೊಮ್ಮೆಯಾದರೂ, "ಆ ಹುಡುಗಿ ದನಿ ಕೊಟ್ಲೇನ?" ಎಂದು ಕೇಳುತ್ತಿದ್ದಳು. "ನೀ ಹೇಳಿದಂಗ ಮಾಡಿರತಾಳ ಬಿಡು" ಎನ್ನುತ್ತಿದ್ದೆ.

ಹಾಗಾಗಿ ಹುಬ್ಬಳ್ಳಿಯಿಂದ ಮರಳುವ ಬಸ್ಸಿನಲ್ಲೇ ಪುಸ್ತಕ ತೆರೆದೆ. ಮೊದಲನೇ ಪುಟದಲ್ಲೇ ರಾಜಕುಮಾರಿ ದನಿ ಕೊಟ್ಟುಬಿಟ್ಟಿದ್ದಳು! ಚೌಕಾಸಿ ಇಲ್ಲ, ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವ್ವನಿಗೆ ಬೇರೆಯೇ ಓದಿ ಹೇಳಿದರಾಯಿತು, ಆಕೆಗೇನು ಗೊತ್ತಾಗಬೇಕು ಎಂದುಕೊಂಡೆ. ಆದರೆ ಗುರುತಿಲ್ಲದ ಗಿರಾಕಿಗೂ ಮುರಿದ ರೊಟ್ಟಿಯನ್ನು ಅಡಿಯಲ್ಲಿ ಸೇರಿಸಿ ಕೊಟ್ಟವಳಲ್ಲ ನಾನು. ಅಂಗಡಿ ಮುಟ್ಟಿ, ಅವ್ವನ ಬಾಜೂ ಕುಳಿತು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಓದಿ, "ಎಂಥಾ ದಡ್ಡಿ ಬೇ ಇಕಿ!" ಎಂದೆ.

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯದೆ ಹಾಗೇ ಹಿಡಿದಿದ್ದಳು.

"ದಡ್ಡಿ ಅನಬ್ಯಾಡ ಲೇ. ಹೇಳಿಕೊಡಾಕ ಆಕಿಗೆ ಅವ್ವ ಇರಲಿಲ್ಲ."

ಅಷ್ಟರಲ್ಲಿ ಹೊಸದಾಗಿ ಲಗ್ನವಾದಂತಿದ್ದ ಹೆಣ್ಣುಮಗಳೊಬ್ಬಳು ರೊಟ್ಟಿ ಕಟ್ಟು ತೆಗೆದುಕೊಂಡು, ಹೇಳಿದ ದರವನ್ನು ತುಟಿ ಪಿಟಕ್ಕೆನ್ನದೆ ಮುಂದಿಟ್ಟಳು. ಹಿಂದಿನ ದಿನವಾಗಿದ್ದರೆ ಗಪ್ಪನೆ ತೆಗೆದುಕೊಳ್ಳುತ್ತಿದ್ದೆ.

"ತಂಗಿ, ಕೇಳಿದಷ್ಟ ಕೊಡತಾರೇನ? ಕಟ್ಟು ಅಲ್ಲೇ ಇಟ್ಟು ಹತ್ತ ಹೆಜ್ಜಿ ನಡಿ, ನಾ ಕರೀತೀನಿ."

ಆಕೆ ಕಕ್ಕಾಬಿಕ್ಕಿಯಾಗಿ ಹೊರಟಳು. ಹಿಂದೆ ಅವ್ವ ರೊಟ್ಟಿ ಮುರಿದ ಸಪ್ಪಳ ಕೇಳಿಸಿತು.

"ಆಕಿನ್ನ ಕರಿ. ಆಮ್ಯಾಲ ಮುಂದ ಓದು," ಅಂದಳು, "ದನಿ ಇಲ್ಲದ ಹೆಂಗ ಗೆಲ್ತಾಳ ನೋಡೂಣು."