ನಮ್ಮ ಲೇಖನಗಳು, ಜಂಪಣ್ಣನ ಅಕ್ಷರ

೧೯೭೯ರಲ್ಲಿ ಚನ್ನಗಿರಿಯಲ್ಲಿ ಓದುವಾಗ ನಾವು ನಾಲ್ವರು ತರಗತಿಗಾಗಿ ಸೂಳೆಕೆರೆಯ ಬಗ್ಗೆ ಕೈಬರಹದ ಪತ್ರಿಕೆ ಹೊರತಂದೆವು. ನಮ್ಮಲ್ಲೊಬ್ಬನಾದ ಸೊಕ್ಕೆ ಊರಿನ ಜಂಪಣ್ಣನ ಅಕ್ಷರ ದುಂಡಗಿದ್ದುದರಿಂದ ಎಲ್ಲರ ಲೇಖನಗಳನ್ನೂ ಅವನೇ ನಕಲು ಮಾಡಿದ. ತನ್ನ ಊರಿನ ಬಗ್ಗೆ ಅವನು ಬರೆದದ್ದನ್ನು ಪುಟ ಸಾಲದೆಂದು ಬಿಟ್ಟೆವು.

ಕೂಡಿ ಮಾಡಿದ ಕೆಲಸದ ಅನುಭವವನ್ನು ಕೊನೆಯಲ್ಲಿ ಪ್ರತಿಯೊಬ್ಬರೂ ಬರೆಯಬೇಕಿತ್ತು. “ನಿಂದೂ ಬರಿಯಲೇ, ಬ್ರಹ್ಮ!” ಎಂದು ಎಲ್ಲರದನ್ನೂ ಬರೆಯುತ್ತಿದ್ದ ಜಂಪಣ್ಣನನ್ನು ಛೇಡಿಸಿದೆ.

“ನಿಮ್ಮವೇ ಹಿಡಿಸಾಕೆ ಜಾಗ ಇಲ್ಲ, ನಂದೆಲ್ಲಿ ತುರುಕ್ಲಿ?” ಎಂದು ನಕ್ಕ.

ಕಳೆದ ತಿಂಗಳು ಅವನು ಕಾಮಾಲೆಯಿಂದ ತೀರಿಕೊಂಡ. ಇಷ್ಟು ವರ್ಷ ನನ್ನಲ್ಲೇ ಇದ್ದ ಆ ಪತ್ರಿಕೆ ಹಿಡಿದು ಸೊಕ್ಕೆಗೆ ಹೋದೆ. ಓದು ಬಾರದ ಅವನ ವೃದ್ಧ ತಾಯಿ ದುರುಗಕ್ಕ ಕೇಳಿದರು: “ನನ್ ಮಗ ಬರ್ದಿದ್ದು ಓದಪ್ಪಾ.” ಪತ್ರಿಕೆಯಲ್ಲಿ ಅವನ ಮಾತು ಒಂದೂ ಇರಲಿಲ್ಲ. ನನ್ನ ಲೇಖನವನ್ನೇ ಅವನದೆಂದು ಓದಿದೆ.

ಆಕೆ ಕೊನೆಯವರೆಗೂ ಕೇಳಿದರು. “ಚೆಂದ ಐತೆ. ನಮ್ಮೂರು ಮರ್ತೇಬಿಟ್ಟಿದ್ದ ನೋಡು,” ಎಂದರು. ಊರಿನ ಬಗ್ಗೆ ಅವನು ಬರೆದದ್ದನ್ನು ನಾವೇ ಬಿಟ್ಟಿದ್ದೆವೆಂದು ಹೇಳದೆ ಪತ್ರಿಕೆ ಮಡಚಿದೆ.