ಪೆನ್‌ಡ್ರೈವಿಗೆ ಇಳಿಸಿದ ಏಳು ಪದಗಳು

ನನಗೆ ಹಾರ್ಮೋನಿಯಂ ಕಲಿಸಿದ ಮಾಸ್ತರರು ಇಟ್ಟಿಗಿ ಎಂಬ ಹಳ್ಳಿಯವರು. ಮೊದಲು ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸುತ್ತಿದ್ದರು. ಆಮೇಲೆ ಊರಿನ ಭಜನಾ ತಂಡಕ್ಕೆ ಬಾರಿಸುತ್ತ, ಭಾನುವಾರ ನಮ್ಮೂರು ಹಡಗಲಿಗೆ ಬಂದು ನಮ್ಮಂಥ ಐದಾರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಾನು ಎರಡು ವರ್ಷ ಕಲಿತೆ. ಈಗ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೇನೆ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕೀಬೋರ್ಡು ಮತ್ತು ಹಳೆಯ ಕಂಪ್ಯೂಟರು ಇಟ್ಟುಕೊಂಡು, ಶಾಲೆಯ ಮಕ್ಕಳ ಕುಣಿತಕ್ಕೆ ಬೇಕಾದ ಸಂಗೀತ ಮಾಡಿಕೊಡುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಮಾಸ್ತರರು ಬಸ್ಸಿಳಿದು ನೇರ ಮನೆಗೆ ಬಂದರು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಕೈ ಈಗ ಮಾತು ಕೇಳವಲ್ದವ್ವ,” ಅಂದರು. “ತಂಡದಾಗ ಪೇಟಿ ಬಾರ್ಸೋರು ಇನ್ನೊಬ್ರಿಲ್ಲ. ಏಳು ಭಜನಿ ಪದ ನಿನ್ನ ಮಿಷಿನ್ನಾಗ ತುಂಬಿಕೊಡು. ಪೆನ್‌ಡ್ರೈವ್ ಹಚ್ಚಿ ಹಾಡ್ಕೊಂತಾರ.”

ಅವರನ್ನು ಕೀಬೋರ್ಡಿನ ಮುಂದೆ ಕೂರಿಸಿ ಏಳನ್ನೂ ತುಂಬಿಕೊಂಡೆ. ಕೆಲವು ಕಡೆ ಒಂದು ಮನೆಯ, ಅಂದರೆ ಒಂದು ಕೀಯ, ಬದಲು ಎರಡು ಮನೆ ಒತ್ತಿಹೋಗುತ್ತಿದ್ದವು. ಹಿಂದಿರುಗುವ ಬಸ್ಸಿನ ಹೊತ್ತಾಗಿತ್ತು. ಅವಸರದಲ್ಲಿ ಪೆನ್‌ಡ್ರೈವಿಗೆ ಹಾಕಿಕೊಟ್ಟೆ.

ಮರುದಿನ ಮಾಸ್ತರರ ಫೋನು ಬಂತು. “ಸ್ಪೀಕರ್ ಪೆಟ್ಟಿಗಿ ಉಸಿರೇ ಬಿಡವಲ್ದು. ಇದ್ರಾಗ ಏನೂ ಇಲ್ಲೇನು?”

ತಪ್ಪು ನನ್ನದೇ. ನಾನು ಕೊಟ್ಟಿದ್ದು ಮಿಡಿ ಫೈಲುಗಳನ್ನು. ಮಿಡಿಯಲ್ಲಿ ದನಿ ಇರುವುದಿಲ್ಲ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ, ಎಷ್ಟು ಹೊತ್ತು ಎಂಬ ಬರಹವಷ್ಟೇ ಇರುತ್ತದೆ. ಅದನ್ನು ಓದಿ ಪೇಟಿಯ ದನಿ ಕೊಡುವುದು ನನ್ನ ಕಂಪ್ಯೂಟರಿನ ಕೆಲಸ. ಭಜನೆಯ ಸ್ಪೀಕರಿಗೆ ಆ ಓದು ಬಾರದು. ಅದಕ್ಕೆ ಬೇಕಾದದ್ದು ದನಿಯಾಗಿ ಮಾರ್ಪಟ್ಟ ಆಡಿಯೋ.

ಮುಂದಿನ ಭಾನುವಾರ ಅವರು ಮತ್ತೆ ಬಂದರು. ಆಡಿಯೋ ಮಾಡುವ ಮುಂಚೆ ಎಲ್ಲವನ್ನೂ ಕೇಳಿಸಿದೆ. ತಪ್ಪು ಸ್ವರ ಬಂದಲ್ಲೆಲ್ಲ ಅವರು ಗೋಡೆಯ ಕಡೆ ನೋಡುತ್ತಿದ್ದರು.

“ಹಿಂಗೇ ಬಿಡೋಣ್ರಿ ಮಾಸ್ತರ. ನಿಮ್ಮ ಕೈ ಅಂತ ಗೊತ್ತಾಗ್ತೈತಿ.”

“ನನ್ನ ಕೈ ನಡುಗೋದು ನನಗ ಗೊತ್ತೈತಲ್ಲ, ಸಾಕು. ಊರಿಗೆಲ್ಲ ಯಾಕ ಕೇಳಸ್ಬೇಕು? ತಿದ್ದು.”

ತಿದ್ದಿದೆ. ನನಗೆ ಪೇಟಿ ಕಲಿಸಿದವರ ತಪ್ಪುಗಳನ್ನು ಅವರ ಎದುರಿಗೇ ಒಂದೊಂದಾಗಿ ಅಳಿಸುವಾಗ ಮುಜುಗರವಾಯಿತು. ತಾಳಕ್ಕಿಂತ ತಡವಾಗಿ ಬಿದ್ದ ಸ್ವರಗಳೂ ಬಹಳ ಇದ್ದವು. ಅದೂ ನಡುಕದ್ದೇ ಎಂದುಕೊಂಡು, ಎಲ್ಲವನ್ನೂ ಒಂದೇ ಸಲ ತಾಳಕ್ಕೆ ಕೂರಿಸಿದೆ. ಏಳನ್ನೂ ಆಡಿಯೋ ಮಾಡಿ, ಕಂಪ್ಯೂಟರು ಹಗುರಾಗಲೆಂದು ಮಿಡಿಯನ್ನು ಅಳಿಸಿಬಿಟ್ಟೆ. ಮಾಸ್ತರರು ಕೇಳಿ, “ಇದು ನಾಟಕ ಕಂಪನ್ಯಾಗ ಇದ್ದಾಗಿನ ಕೈ ನೋಡು,” ಅಂದರು.

ಮುಂದಿನ ಸೋಮವಾರ ಸಂಜೆಯ ಭಜನೆಗೆ ನಾನೂ ಇಟ್ಟಿಗಿಗೆ ಹೋದೆ. ತಂಡದಲ್ಲಿ ಎಂಟು ಜನ. ಪ್ರತಿ ನುಡಿಯನ್ನೂ ಮೊದಲು ಹಾಡಿ ಎತ್ತಿಕೊಡುವವರು ಒಬ್ಬ ಅಜ್ಜಿ. ಸಾಲಿನ ಕೊನೆಯನ್ನು ಎಳೆದು ಬಿಡುವುದು ಅವರ ರೂಢಿ. ಅವರು ಮೊದಲ ಸಾಲನ್ನು ಎಳೆದು ಮುಗಿಸುವಷ್ಟರಲ್ಲಿ ಸ್ಪೀಕರಿನ ಪೇಟಿ ಎರಡನೆಯ ಸಾಲು ಹಿಡಿದಿತ್ತು. ಉಳಿದವರು ಅದರ ಹಿಂದೆ ಓಡಿದರು. ಮೂರನೆಯ ನುಡಿಯಲ್ಲಿ ಅಜ್ಜಿ ಹಾಡುವುದನ್ನೇ ನಿಲ್ಲಿಸಿದರು.

“ಇದು ನಿಲ್ಲಂಗಿಲ್ಲೇನ್ರಿ ಮಾಸ್ತರ? ನೀವು ನಿಲ್ತಿದ್ರಿ.”

ನಾನು ನಡುಕವೆಂದು ಸರಿಪಡಿಸಿದ್ದರಲ್ಲಿ ಅರ್ಧದಷ್ಟು ನಡುಕವಾಗಿರಲಿಲ್ಲ. ಅಜ್ಜಿ ಇಲ್ಲದ ನನ್ನ ಕೋಣೆಯಲ್ಲಿ ಬಾರಿಸುವಾಗಲೂ ಮಾಸ್ತರರು ಅವರಿಗಾಗಿ ಕಾದಿದ್ದರು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಹೇಳಿದೆ: “ನೀವು ಮೊದಲು ಬಾರಿಸಿದ್ದು ಈಗ ಇಲ್ರಿ. ಅಳಿಸಿಬಿಟ್ಟೀನಿ. ಬೇಕಾದ್ರ ಈಗಿಂದನ್ನ ಕತ್ತರಿಸಿ ನಡುವ ಜಾಗ ಬಿಡ್ತೀನಿ. ಎಲ್ಲಿ ಎಷ್ಟು ಅಂತ ಹೇಳ್ರಿ.”

“ಬಾಯಿಲೆ ಹೇಳಾಕ ನನಗೂ ಬರಂಗಿಲ್ಲ. ಆಕಿ ಮುಂದ ಕುಂತು ಹಾಡಿದ್ರ ಕೈಗೆ ತಿಳೀತೈತಿ.” ಆಮೇಲೆ, “ಮತ್ತ ಬಾರಿಸ್ಬೇಕು, ಅಷ್ಟ,” ಅಂದರು.

ನನ್ನ ಮೇಲೆ ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರು ಭಾನುವಾರ ಮಾಸ್ತರರು, ಅಜ್ಜಿ ಇಬ್ಬರೂ ಇಟ್ಟಿಗಿಯಿಂದ ಬಂದರು. ಅಜ್ಜಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅಜ್ಜಿಯ ದನಿ ಮಾಸ್ತರರಿಗೆ ಚೆನ್ನಾಗಿ ಕೇಳಲೆಂದು ಫ್ಯಾನು ಬಂದ್ ಮಾಡಿ, ಅಜ್ಜಿಯನ್ನು ಕೀಬೋರ್ಡಿನ ಎದುರು ಕುರ್ಚಿಯಲ್ಲಿ ಕೂರಿಸಿದರೆ, ಅವರು ಇಳಿದು ನೆಲದ ಮೇಲೆ ಕೂತರು. ಕೀಬೋರ್ಡನ್ನೂ ನೆಲಕ್ಕಿಳಿಸಿದೆವು. ಅಜ್ಜಿ ಹಾಡಿದರು, ಮಾಸ್ತರರು ಅವರ ಬಾಯಿ ನೋಡುತ್ತ ಬಾರಿಸಿದರು. ಒಂದು ಪದಕ್ಕೆ ನಾಲ್ಕೈದು ಸಲ ಬೇಕಾಯಿತು. ನಡುನಡುವೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಈ ಸಲ ನಾನು ತಪ್ಪು ಸ್ವರಗಳನ್ನಷ್ಟೇ ತೆಗೆದೆ. ಸ್ವರಗಳು ಬಿದ್ದ ಹೊತ್ತನ್ನು ಮುಟ್ಟಲಿಲ್ಲ. ಆಡಿಯೋ ಮಾಡುವ ಮುಂಚೆ ಮಿಡಿಯನ್ನು ಎರಡು ಕಡೆ ಉಳಿಸಿಕೊಂಡೆ.

ಐದು ಪದಗಳಾದವು. ಉಳಿದ ಎರಡು ಬಿರುಸಿನವು. ಮೂರನೆಯ ಭಾನುವಾರ ಬಹಳ ಹೊತ್ತು ಪ್ರಯತ್ನಿಸಿ, “ಇವು ಆಗಂಗಿಲ್ಲ ಬಿಡು,” ಎಂದು ಮಾಸ್ತರರೇ ಎದ್ದರು. ನಾನು ಒತ್ತಾಯಿಸಲಿಲ್ಲ. ಆ ಎರಡಕ್ಕೆ ತಾಳಕ್ಕೆ ಕೂರಿಸಿದ ಹಳೆಯ ಆಡಿಯೋವೇ ಉಳಿಯಿತು.

ಹೋದ ತಿಂಗಳು ಮತ್ತೆ ಇಟ್ಟಿಗಿಗೆ ಹೋಗಿದ್ದೆ. ಐದು ಪದಗಳನ್ನು ಅಜ್ಜಿ ನಿಶ್ಚಿಂತೆಯಿಂದ ಎಳೆದು ಹಾಡಿದರು. ಬಿರುಸಿನ ಎರಡು ಬಂದಾಗ ಬೇರೆಯವರಿಗೆ ಬಿಟ್ಟುಕೊಟ್ಟು ತಾಳ ಹಾಕುತ್ತ ಕೂತರು. ಮಾಸ್ತರರು ಸ್ಪೀಕರಿನ ಪಕ್ಕ ಕೂತು, ಒಂದು ಪದ ಮುಗಿದ ಮೇಲೆ ಮುಂದಿನದಕ್ಕೆ ಗುಂಡಿ ಒತ್ತುತ್ತಿದ್ದರು.